ನಾಲ್ಕನೇ ಜ್ವರ

ಚಿಕ್ಕಬಳ್ಳಾಪುರದ ಬಾಲ ನ್ಯಾಯ ಮಂಡಳಿಯಲ್ಲಿ
ಹನ್ನೊಂದು ವರ್ಷದಿಂದ ನಾನು ಬೆರಳಚ್ಚುಗಾರ.
ದೂರುದಾರರು, ಎದುರುದಾರರು, ಕಲಂ, ನಷ್ಟ
ಎಲ್ಲ ಕಣ್ಣು ಮುಚ್ಚಿ ಹೊಡೆಯಬಲ್ಲೆ.
ಹುಳುವಿಗೆ ಮಾತ್ರ ಕಾಲಮ್ಮಿಲ್ಲ.

ಇನ್ನೂರು ಮೊಟ್ಟೆಯ ಬೆಳೆ.
ನಾಲ್ಕನೇ ಜ್ವರದಿಂದ ಎದ್ದ ಹುಳು,
ಬೆರಳುದ್ದ, ಹಸಿದದ್ದು,
ಸೊಪ್ಪಿಗೆ ಬಾಯಿ ಹಾಕಿದ್ದೇ ತಡ
ಹಸಿರು ಕಕ್ಕಿ ಸುರುಳಿ ಸುತ್ತಿಕೊಂಡವು.
ಸೊಪ್ಪಿನ ರಾಶಿಗೆ ಯಾರೋ ಟೊಮೆಟೊ ಔಷಧಿ ಹೊಡೆದಿದ್ದರು.
ಯಾರೋ ಅಲ್ಲ, ಲೋಹಿತ. ಹದಿನಾರು ವರ್ಷ.
(ಹೆಸರು ಬದಲಿಸಿದ್ದೇನೆ, ಕಾನೂನು.)
ಪಂಪು ಬೆನ್ನಿಂದ ಇಳಿಸುವ ಮೊದಲೇ ಸಿಕ್ಕ.

ಮಂಡಳಿಯ ಮೇಡಂ ಫೈಲು ಮುಚ್ಚಿ
"ಅಲ್ಲೇ ಹೋಗಿ ಕೂರೋಣ" ಅಂದರು.

ಶಿಡ್ಲಘಟ್ಟ ದಾಟಿ ಆರು ಕಿಲೋಮೀಟರು.
ಖಾಲಿ ಹುಳುಮನೆ, ಸುಣ್ಣದ ಘಾಟು,
ಗೋಡೆಗೊರಗಿದ ಚಂದ್ರಿಕೆಗಳು.
ಚಾಪೆ ದುಂಡಗೆ ಹಾಸಿದ್ದರು.
ದುಂಡಗೆ ಕೂತರೆ ಮೊದಲು ಯಾರು, ಕೊನೆ ಯಾರು?
ಹೆಸರು ಬರೆಯುವ ಕ್ರಮವೇ ನನಗೆ ತಪ್ಪಿತು.

ಅಕ್ಕಾಯಮ್ಮ ನಷ್ಟದ ಲೆಕ್ಕ ಹೇಳಲಿಲ್ಲ.
"ಸದ್ದಿಗೆ ಎಲ್ಲಾರ್ಗೂ ಎಚ್ಚರಾಗುತ್ತೆ.
ನಂಗೆ ಸದ್ದು ನಿಂತಿದ್ದಕ್ಕೆ ಎಚ್ಚರಾಯ್ತು.
ಮೇಯೋ ಸದ್ದು.
ಗುಂಡಿ ತೋಡಿ ಮಂಕರೀಲಿ ಹೊತ್ತಾಕಿದೆ.
ಮಣ್ಣು ಎಳೀಬೇಕಾದ್ರೆ ಇನ್ನೂ ಒಂದೊಂದು
ತಲೆ ಎತ್ತುತಿತ್ತು."

ಹುಡುಗ ತನ್ನ ಹೆಬ್ಬೆರಳಿಗೆ ಹೇಳಿದ:
"ಡೈರಿ ಹತ್ರ, ಸಾಲಲ್ಲಿ,
ಹಾಲಿಗೆ ನೀರು ಬೆರೆಸೋ ಮನೇವ್ನು ಅಂದ್ರು.
ಎಲ್ಲಾ ನಕ್ಕರು."
ಸ್ವಲ್ಪ ಹೊತ್ತಾದ ಮೇಲೆ:
"ನಾನೂ ನಕ್ಕೆ. ಅದಕ್ಕೇ."

ಅವನ ತಾಯಿ ಮುನಿಅಂಜಿನಮ್ಮ ಛಾವಣಿ ನೋಡುತ್ತಿದ್ದಳು,
ತೊಲೆ ಎಣಿಸುವವಳಂತೆ.
"ಹದಿನೈದು ವರ್ಷ ಸೊಪ್ಪು ಕುಯ್ದು
ಈ ಬಾಗ್ಲಿಗೆ ಹಾಕಿದೀನಿ ಮೇಡಂ.
ಒಳಕ್ಕೆ ಬಂದಿದ್ದು ಇವತ್ತೇ."

"ಹುಳಕ್ಕೆ ರೋಗ ತಗಲುತ್ತೆ ಅಂತ..."
"ಪಟೇಲ್ರ ಸೊಸೆ ಬಂದ್ರೆ ತಗಲಲ್ವಾ ಅಕ್ಕಯ್ಯ?"

ನಾನು ಪೆನ್ನೆತ್ತಿದೆ. ಮೇಡಂ ಕಣ್ಣಲ್ಲೇ ತಡೆದರು.
ಹೊರಗೆ ಹಾಲಿನ ವ್ಯಾನು ಹಾರ್ನು ಹೊಡೆದು ಹೋಯಿತು.
ಯಾರೂ ಏಳಲಿಲ್ಲ.

ತೀರ್ಮಾನ ಒಂದೇ ಪುಟ:
ದುಡ್ಡು ಕಂತಿನಲ್ಲಿ.
ಮುಂದಿನ ಬೆಳೆಗೆ, ಶಾಲೆ ಬಿಟ್ಟ ಮೇಲೆ, ದಿನಕ್ಕೆ ಎರಡು ಗಂಟೆ
ಹುಡುಗ ಹುಳುಮನೆಯಲ್ಲಿ.
ಡೈರಿಯ ಅದೇ ಸಾಲಿನಲ್ಲಿ ಅಕ್ಕಾಯಮ್ಮ
ಆಡಿದ ಮಾತು ವಾಪಸ್ಸು ಪಡೆಯತಕ್ಕದ್ದು.
ಬಾಗಿಲ ವಿಷಯ ಯಾರೂ ಬರೆಸಲಿಲ್ಲ.
ಬರೆಸಿದ್ದರೆ ಯಾವ ಕಲಮಿನಡಿ ಹೊಡೆಯುತ್ತಿದ್ದೆನೋ.

ಇಪ್ಪತ್ತನೇ ದಿನ ವರದಿಗೆಂದು ಹೋದೆ.
ತಟ್ಟೆ ತುಂಬ ಹುಳು, ತಲೆ ಎತ್ತಿ, ಕದಲದೆ,
ಏನನ್ನೋ ಕೇಳಿಸಿಕೊಳ್ಳುವ ಹಾಗೆ.
ಲೋಹಿತ ಬಾಯಿಪಾಠ ಮಾಡಿಕೊಂಡು ಬಂದವನಂತೆ
"ಅಮ್ಮ, ನಂದು ತಪ್ಪಾ..." ಅಂದ.
ಅಕ್ಕಾಯಮ್ಮ ಕೈ ಅಡ್ಡ ಹಿಡಿದಳು.
"ಈಗ ಬ್ಯಾಡ. ಜ್ವರದಾಗವೆ.
ಜ್ವರದಾಗಿರೋದ್ನ ಮುಟ್ಟಬಾರ್ದು, ಸೊಪ್ಪು ಹಾಕಬಾರ್ದು.
ಅದಾಗದೇ ಏಳ್ಬೇಕು."
ಹುಳುವಿನ ಮಾತೇನಮ್ಮ ಅಂತ ನಾನು ಕೇಳಲಿಲ್ಲ.

ಡೈರಿಯ ಮಾತು ಇನ್ನೂ ಆಗಿಲ್ಲ.
ಹಾಲಿಗೆ ಈಗ ಮೊಮ್ಮಗಳನ್ನು ಕಳಿಸುತ್ತಾಳಂತೆ.

ನಮೂನೆಯ ಕೊನೆಗೆ ಅಚ್ಚಾಗಿದೆ:
ಪಾಲನೆಯಾಗಿದೆ / ಆಗಿಲ್ಲ.
ಅನ್ವಯಿಸದ್ದನ್ನು ಹೊಡೆದುಹಾಕಿ.
ಎರಡನ್ನೂ ಹಾಗೇ ಬಿಟ್ಟು ನಿಂತಿದ್ದೆ,

ಮುನಿಅಂಜಿನಮ್ಮ ಬಂದು ಸೊಪ್ಪಿನ ಹೊರೆ
ಬಾಗಿಲಲ್ಲಿ ಇಳಿಸಿ, ಅಭ್ಯಾಸಕ್ಕೆ, ಅಲ್ಲೇ ನಿಂತಳು.
ಒಳಗಿಂದ ದನಿ:
"ಕಾಲು ತೊಳ್ಕೊಂಡು ಬಾ."
ಯಾರಿಗೆ ಅಂತ ಹೇಳಲಿಲ್ಲ.

ಬಕೆಟ್ಟಿನ ಬ್ಲೀಚಿಂಗ್ ನೀರಿನಲ್ಲಿ
ಅವಳು ಒಂದು ಕಾಲು ಅದ್ದಿದಳು.
ನಾನೂ ಚಪ್ಪಲಿ ಬಿಟ್ಟೆ.